ಬ್ಯಾರನ್ ಬಾಗಿಲಿಗೆ ಬಾರದ ಕಾನೂನು

ಜುಲೈ ತಿಂಗಳು ಬಂತೆಂದರೆ ಹುಣಸೂರು, ಪಿರಿಯಾಪಟ್ಟಣ, ಹೆಗ್ಗಡದೇವನಕೋಟೆ ತಾಲ್ಲೂಕುಗಳಲ್ಲೂ ಕೃಷ್ಣರಾಜನಗರದ ಮಳೆಯಾಶ್ರಿತ ಹಳ್ಳಿಗಳಲ್ಲೂ ಗಾಳಿಯ ವಾಸನೆಯೇ ಬದಲಾಗುತ್ತದೆ. ಹೊಲದಲ್ಲಿ ಆಳೆತ್ತರ ನಿಂತ ಹೊಗೆಸೊಪ್ಪಿನ ಗಿಡಗಳಿಂದ ಬುಡದ ಎಲೆಗಳನ್ನು ಮುರಿದು ತರುತ್ತಾರೆ. ಹೆಂಗಸರು ಮರದ ನೆರಳಲ್ಲಿ ಕೂತು ಆ ಎಲೆಗಳನ್ನು ಕಡ್ಡಿಗೆ ಕಟ್ಟುತ್ತಾರೆ. ಕಟ್ಟಿದ ಕಡ್ಡಿಗಳು ಬ್ಯಾರನ್ ಒಳಗೆ ಅಂತಸ್ತು ಅಂತಸ್ತಾಗಿ ಏರುತ್ತವೆ. ಬಾಗಿಲು ಮುಚ್ಚಿದ ಮೇಲೆ ಹೊರಗಿನ ಒಲೆಗೆ ಬೆಂಕಿ ಬೀಳುತ್ತದೆ. ಆ ಬೆಂಕಿ ಐದಾರು ದಿನ ಆರುವಂತಿಲ್ಲ. ಒಂದು ಬ್ಯಾರನ್ ಇಳಿಯುವಷ್ಟರಲ್ಲಿ ಮುಂದಿನ ಸೊಪ್ಪು ಹಣ್ಣಾಗಿರುತ್ತದೆ. ಹೀಗೆ ಸೆಪ್ಟೆಂಬರ್ ಕಳೆಯುವವರೆಗೂ ಊರಿನ ತಲೆಯ ಮೇಲೆ ತೆಳುವಾದ ನೀಲಿ ಹೊಗೆ ನಿಂತೇ ಇರುತ್ತದೆ.

ಇದೇ ಹೊತ್ತಿನಲ್ಲಿ ಪತ್ರಿಕೆಗಳಲ್ಲಿ ಇನ್ನೊಂದು ಬಗೆಯ ಸುದ್ದಿ ಬರುತ್ತಿರುತ್ತದೆ. ಹವಾಮಾನ ಬದಲಾವಣೆಗೆ ಕಾನೂನು ಬೇಕು, ಶುದ್ಧ ಇಂಧನಕ್ಕೆ ನೀತಿ ಬೇಕು, ಇಂತಿಷ್ಟು ಮೆಗಾವಾಟ್ ಸೌರಶಕ್ತಿ ಬಂತು, ಇಂತಿಷ್ಟು ಪವನಶಕ್ತಿ ಬಂತು ಎಂಬ ಸುದ್ದಿ. ಬ್ಯಾರನ್ ಒಲೆಯ ಮುಂದೆ ಕೂತವನು ಆ ಸುದ್ದಿ ಓದಿ, ಅದೇ ಕಾಗದದ ಒಂದು ಚೂರನ್ನು ಸೌದೆ ಹೊತ್ತಿಸಲು ಹಚ್ಚಿದರೆ ಅವನನ್ನು ತಪ್ಪು ಎನ್ನುವುದು ಕಷ್ಟ. ಆ ಸುದ್ದಿಯಲ್ಲಿ ಅವನ ಒಲೆಯ ಮಾತೇ ಇರುವುದಿಲ್ಲ.

ಯಾಕಿರುವುದಿಲ್ಲ ಎಂಬುದು ಕೇಳಬೇಕಾದ ಪ್ರಶ್ನೆ. ನಮ್ಮಲ್ಲಿ ಶಕ್ತಿ ಎಂದೊಡನೆ ನೆನಪಿಗೆ ಬರುವುದು ಕರೆಂಟು. ಅದಕ್ಕೆ ಕಾರಣವೂ ಇದೆ. 1902ರಲ್ಲೇ ಶಿವನಸಮುದ್ರದಲ್ಲಿ ಕಾವೇರಿಯಿಂದ ವಿದ್ಯುತ್ ತೆಗೆದು ಕೋಲಾರದ ಚಿನ್ನದ ಗಣಿಗೆ ತಂತಿಯಲ್ಲಿ ಕಳುಹಿಸಿದ ಸೀಮೆ ಇದು. 1905ರಲ್ಲಿ ಬೆಂಗಳೂರಿನ ಬೀದಿಗೆ ದೀಪ ಬಂತು. ‘ಶುದ್ಧ ಇಂಧನ’ ಎಂಬ ಪದ ಹುಟ್ಟುವ ಮೊದಲೇ ಮೈಸೂರು ಸಂಸ್ಥಾನ ಅದನ್ನು ಬಳಸುತ್ತಿತ್ತು. ಮುಂದೆ ಬಂದ ಕಾನೂನುಗಳೂ ಹೆಚ್ಚಾಗಿ ತಂತಿಯ ಹಾದಿಯಲ್ಲೇ ನಡೆದವು. ರಾಜ್ಯದಲ್ಲಿ 1999ರ ವಿದ್ಯುತ್ ಸುಧಾರಣಾ ಕಾಯ್ದೆ ಬಂದು ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗ ರಚನೆಯಾಯಿತು. ಕೇಂದ್ರದ 2003ರ ವಿದ್ಯುಚ್ಛಕ್ತಿ ಕಾಯ್ದೆ, ಸರಬರಾಜು ಕಂಪನಿಗಳು ಕೊಳ್ಳುವ ವಿದ್ಯುತ್ತಿನಲ್ಲಿ ಇಂತಿಷ್ಟು ಪಾಲು ನವೀಕರಿಸಬಹುದಾದ ಮೂಲದಿಂದ ಬರಬೇಕೆಂದು ನಿಗದಿ ಮಾಡುವ ಅಧಿಕಾರವನ್ನು ರಾಜ್ಯದ ಆಯೋಗಗಳಿಗೆ ಕೊಟ್ಟಿತು. ತುಮಕೂರು ಜಿಲ್ಲೆಯ ಪಾವಗಡದಲ್ಲಿ 2,050 ಮೆಗಾವಾಟಿನ ಸೌರ ಉದ್ಯಾನ ಎದ್ದಿತು. 2022ರಿಂದ 2027ರವರೆಗಿನ ನವೀಕರಿಸಬಹುದಾದ ಇಂಧನ ನೀತಿಯೂ ಬಂತು. ಇವೆಲ್ಲ ಒಳ್ಳೆಯ ಕೆಲಸಗಳೇ. ಆದರೆ ಇವೆಲ್ಲ ಅಳೆಯುವುದು ಯೂನಿಟ್ಟಿನಲ್ಲಿ. ಬ್ಯಾರನ್ ಒಲೆಗೆ ಮೀಟರ್ ಇಲ್ಲ. ಅಲ್ಲಿ ಅಳತೆ ಎಂದರೆ ಸೌದೆಯ ಲೋಡು.

ಈ ಒಲೆಯ ಲೆಕ್ಕವನ್ನು ಒಮ್ಮೆ ಹಾಕಿ ನೋಡಬೇಕು. ಹೈಸ್ಕೂಲಿನ ಭೌತವಿಜ್ಞಾನವೇ ಸಾಕು. ಹಸಿ ತಂಬಾಕಿನ ಎಲೆಯಲ್ಲಿ ನೂರಕ್ಕೆ ಸುಮಾರು 85 ಪಾಲು ನೀರು. ಒಂದು ಕಿಲೋ ಒಣ ಸೊಪ್ಪು ಸಿಗಬೇಕಾದರೆ ಐದೂವರೆ ಕಿಲೋದಷ್ಟು ನೀರನ್ನು ಆವಿ ಮಾಡಿ ಓಡಿಸಬೇಕು. ಒಂದು ಕಿಲೋ ನೀರನ್ನು ಕಾಯಿಸಿ ಆವಿ ಮಾಡಲು ಸುಮಾರು 610 ಕಿಲೋಕ್ಯಾಲೊರಿ ಶಾಖ ಬೇಕು. ಗುಣಿಸಿದರೆ ಒಂದು ಕಿಲೋ ಸೊಪ್ಪಿಗೆ 3,400 ಕಿಲೋಕ್ಯಾಲೊರಿಯ ಆಸುಪಾಸು. ಚೆನ್ನಾಗಿ ಒಣಗಿದ ಒಂದು ಕಿಲೋ ಸೌದೆ ಉರಿದರೆ ಹೆಚ್ಚುಕಡಿಮೆ ಅಷ್ಟೇ ಶಾಖ ಕೊಡುತ್ತದೆ. ಅಂದರೆ ಪುಸ್ತಕದ ಲೆಕ್ಕದಲ್ಲಿ ಕಿಲೋ ಸೊಪ್ಪಿಗೆ ಕಿಲೋ ಸೌದೆ. ಹಳ್ಳಿಯ ಲೆಕ್ಕದಲ್ಲಿ ಕಿಲೋ ಸೊಪ್ಪಿಗೆ ನಾಲ್ಕೈದು ಕಿಲೋ ಸೌದೆ.

ಉಳಿದ ಮೂರು ನಾಲ್ಕು ಕಿಲೋ ಎಲ್ಲಿ ಹೋಯಿತು? ಸ್ವಲ್ಪ ಚಿಮಣಿಯಲ್ಲಿ ಬಿಸಿ ಹೊಗೆಯಾಗಿ ಹೋಯಿತು. ಸ್ವಲ್ಪ ಗೋಡೆಯನ್ನೂ ಸುತ್ತಲಿನ ಗಾಳಿಯನ್ನೂ ಕಾಯಿಸಿತು. ಬಿಸಿ ಗಾಳಿ ಮೇಲಕ್ಕೇರುವುದು ಅದರ ಗುಣವಾದ್ದರಿಂದ ಛಾವಣಿಯ ಸಂದಿಯಲ್ಲಿ ಬಹಳಷ್ಟು ಸೋರಿಹೋಯಿತು. ಇನ್ನು ಸೌದೆಯೇ ಹಸಿಯಾಗಿದ್ದರೆ ಅದರೊಳಗಿನ ನೀರನ್ನು ಒಣಗಿಸಲು ಅದರದೇ ಬೆಂಕಿ ಖರ್ಚಾಯಿತು. ಮಳೆಗಾಲದ ನಡುವೆ ಸೊಪ್ಪು ಬೇಯಿಸುವಾಗ ಒಣ ಸೌದೆ ಎಲ್ಲಿಂದ ಬರಬೇಕು? ಬೇಸಿಗೆಯಲ್ಲೇ ಕೊಂಡು ಒಟ್ಟಿಡಲು ಕೈಯಲ್ಲಿ ದುಡ್ಡಿರಬೇಕು. ದುಡ್ಡು ಬರುವುದು ಹರಾಜಾದ ಮೇಲೆ. ಹೀಗೆ ಬಡತನವೂ ಒಂದಷ್ಟು ಶಾಖವನ್ನು ತಿನ್ನುತ್ತದೆ. ಇದು ಭೌತವಿಜ್ಞಾನದ ಪುಸ್ತಕದಲ್ಲಿ ಇಲ್ಲದ ಲೆಕ್ಕ.

ರಾಜ್ಯದ ವರ್ಜೀನಿಯಾ ತಂಬಾಕಿನ ಬೆಳೆ ಈಚಿನ ವರ್ಷಗಳಲ್ಲಿ ಸುಮಾರು 10 ಕೋಟಿ ಕಿಲೋದ ಅಕ್ಕಪಕ್ಕದಲ್ಲಿದೆ. ಅದರ ಬಹುಪಾಲು ಈ ಸೀಮೆಯದೇ. ಕಿಲೋಗೆ ನಾಲ್ಕೂವರೆ ಕಿಲೋ ಸೌದೆ ಎಂದು ಹಿಡಿದರೂ ವರ್ಷಕ್ಕೆ ನಾಲ್ಕೂವರೆ ಲಕ್ಷ ಟನ್ ಮರ ಉರಿಯಬೇಕು. ಹತ್ತು ಟನ್ನಿನ ಲಾರಿಗಳಲ್ಲಿ ತುಂಬಿದರೆ ನಲವತ್ತೈದು ಸಾವಿರ ಲಾರಿ. ಪಕ್ಕದಲ್ಲೇ ನಾಗರಹೊಳೆಯ ಕಾಡಿದೆ. ಅದರೊಳಗೆ ಯಾರೂ ಕೊಡಲಿ ಹಾಕದಿದ್ದರೂ ಇಷ್ಟು ಮರ ಯಾವುದಾದರೂ ಹೊಲದ ಬದುವಿನಿಂದ, ತೋಟದಿಂದ, ಕೆರೆಯಂಗಳದಿಂದ ಬರಲೇಬೇಕು.

ಇಲ್ಲಿ ಒಂದು ನ್ಯಾಯದ ಮಾತನ್ನೂ ಹೇಳಬೇಕು. ಮರ ಸುಟ್ಟರೆ ಇಂಗಾಲದ ಡೈಆಕ್ಸೈಡ್ ಬರುತ್ತದೆ, ನಿಜ. ಆದರೆ ಸುಟ್ಟಷ್ಟೇ ಮರ ಮತ್ತೆ ಬೆಳೆದರೆ ಆ ಇಂಗಾಲವನ್ನು ಅದು ಮತ್ತೆ ಹೀರಿಕೊಳ್ಳುತ್ತದೆ. ಕಲ್ಲಿದ್ದಲಿನ ವಿಷಯ ಹಾಗಲ್ಲ. ಕೋಟ್ಯಂತರ ವರ್ಷ ನೆಲದಡಿ ಹೂತಿದ್ದ ಇಂಗಾಲವನ್ನು ಅದು ಒಂದೇ ದಿನದಲ್ಲಿ ಆಕಾಶಕ್ಕೆ ಬಿಡುತ್ತದೆ. ಹಾಗಾಗಿ ಸೌದೆ ಒಲೆಯವನನ್ನು ಕಲ್ಲಿದ್ದಲ ಸ್ಥಾವರದ ಸಾಲಿನಲ್ಲಿ ನಿಲ್ಲಿಸುವುದು ಸರಿಯಲ್ಲ. ಪ್ರಶ್ನೆ ಇರುವುದು ‘ಮತ್ತೆ ಬೆಳೆದರೆ’ ಎಂಬ ಆ ಮಾತಿನಲ್ಲಿ.

ಮತ್ತೆ ಬೆಳೆಸುವ ವಿಷಯದಲ್ಲಿ ಕಾನೂನು ಏನು ಹೇಳುತ್ತದೆ? ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ 1976ರದು. ಸ್ವಂತ ಜಮೀನಿನಲ್ಲಿರುವ ಮರ ಕಡಿಯುವುದಕ್ಕೂ ಅದರ ಪ್ರಕಾರ ಅನುಮತಿ ಬೇಕು. ನೀಲಗಿರಿ, ಸರ್ವೆ, ಸಿಲ್ವರ್ ಓಕ್, ಸುಬಾಬುಲ್ ಮೊದಲಾದ ಕೆಲವು ಜಾತಿಗಳಿಗೆ ವಿನಾಯಿತಿ. ರೈತ ಬುದ್ಧಿವಂತ. ಅನುಮತಿಗಾಗಿ ಅಲೆಯಬೇಕಾದ ಹೊನ್ನೆ, ಮತ್ತಿಯನ್ನು ಯಾಕೆ ನೆಡಲಿ ಎಂದು ನೀಲಗಿರಿ ನೆಟ್ಟ. ಅದು ಬೇಗ ಬೆಳೆಯಿತು, ಬೇಗ ಉರಿಯಿತು. ಅಂತರ್ಜಲ ಬತ್ತುತ್ತದೆ ಎಂಬ ಕಾರಣಕ್ಕೆ 2017ರಲ್ಲಿ ಸರ್ಕಾರ ನೀಲಗಿರಿ ನೆಡುವುದನ್ನು ನಿಷೇಧಿಸಿತು. ಆ ಕಾರಣದಲ್ಲೂ ಅರ್ಥವಿದೆ. ಆದರೆ ಒಂದು ಕಾನೂನು ಕಡಿಯಲು ಬಿಟ್ಟ ಮರವನ್ನು ಇನ್ನೊಂದು ಆದೇಶ ನೆಡಬೇಡ ಎಂದಿತು. ನೆಡು ಎನ್ನುವ ಮರವನ್ನು ಮೊದಲಿನ ಕಾನೂನು ಸುಲಭವಾಗಿ ಕಡಿಯಗೊಡುವುದಿಲ್ಲ. ಇವೆರಡರ ನಡುವೆ ನಿಂತವನು ‘ಹಂಗಾರೆ ಏನ್ ಮಾಡ್ಬೇಕು ಸ್ವಾಮಿ?’ ಎಂದರೆ ಉತ್ತರಿಸುವ ಒಂದೇ ಕಚೇರಿ ಇಲ್ಲ. ಅರಣ್ಯ ಒಂದು ಕಡೆ, ಕೃಷಿ ಒಂದು ಕಡೆ, ಇಂಧನ ಮತ್ತೊಂದು ಕಡೆ. ತಂಬಾಕು ಮಂಡಳಿಯಂತೂ 1975ರ ಕೇಂದ್ರ ಕಾಯ್ದೆಯಿಂದ ಹುಟ್ಟಿದ್ದು, ಅದರ ಕೇಂದ್ರ ಕಚೇರಿ ದೂರದ ಗುಂಟೂರಿನಲ್ಲಿ.

ಈ ಹಂಚಿಕೆ ಯಾರ ಕುಚೋದ್ಯವೂ ಅಲ್ಲ, ಸಂವಿಧಾನದ ಏಳನೆಯ ಅನುಸೂಚಿಯಲ್ಲೇ ಇದೆ. ಕೃಷಿ, ನೀರು, ಭೂಮಿ ರಾಜ್ಯದ ಪಟ್ಟಿಯಲ್ಲಿವೆ. ವಿದ್ಯುತ್ತು ಇಬ್ಬರಿಗೂ ಸೇರಿದ ಸಮವರ್ತಿ ಪಟ್ಟಿಯಲ್ಲಿದೆ. ಅರಣ್ಯ ಮೊದಲು ರಾಜ್ಯದ್ದಾಗಿತ್ತು, 1976ರ 42ನೇ ತಿದ್ದುಪಡಿಯಲ್ಲಿ ಸಮವರ್ತಿಗೆ ಹೋಯಿತು. ಹವಾಮಾನ ಎಂಬ ಮಾತು ಈ ಪಟ್ಟಿಗಳಲ್ಲಿ ಬರುವುದಿಲ್ಲ. 2024ರಲ್ಲಿ ಸುಪ್ರೀಂ ಕೋರ್ಟು ರಂಜಿತ್‌ಸಿಂಹ ಪ್ರಕರಣದ ತೀರ್ಪಿನಲ್ಲಿ, ಹವಾಮಾನ ಬದಲಾವಣೆಯ ದುಷ್ಪರಿಣಾಮಗಳಿಂದ ಮುಕ್ತರಾಗಿರುವುದು ಸಂವಿಧಾನದ 14 ಮತ್ತು 21ನೇ ವಿಧಿಗಳಿಂದ ಬರುವ ಹಕ್ಕು ಎಂದಿತು. ಇದಕ್ಕೆಂದೇ ಒಂದು ಸಮಗ್ರ ಕಾನೂನು ದೇಶದಲ್ಲಿಲ್ಲ ಎಂಬುದನ್ನೂ ಗುರುತಿಸಿತು. ಹಕ್ಕು ಇದೆ, ಅದನ್ನು ಕೇಳಲು ಹೋಗುವ ಬಾಗಿಲು ಇನ್ನೂ ಆಗಿಲ್ಲ.

ರಾಜ್ಯಗಳಲ್ಲಿ ಇರುವುದು ನೀತಿ ಮತ್ತು ಕ್ರಿಯಾಯೋಜನೆ. ನೀತಿಗೂ ಕಾನೂನಿಗೂ ಇರುವ ವ್ಯತ್ಯಾಸ ಸಣ್ಣದಲ್ಲ. ನೀತಿಯನ್ನು ಸರ್ಕಾರ ಒಂದು ಆದೇಶದಲ್ಲಿ ತರುತ್ತದೆ, ಇನ್ನೊಂದು ಆದೇಶದಲ್ಲಿ ಬದಲಿಸುತ್ತದೆ. ಕಾನೂನನ್ನು ಸದನದಲ್ಲಿ ಮಂಡಿಸಬೇಕು, ಚರ್ಚಿಸಬೇಕು. ಅದು ಹೇಳಿದ್ದನ್ನು ಮಾಡದಿದ್ದರೆ ಸಾಮಾನ್ಯ ಮನುಷ್ಯ ನ್ಯಾಯಾಲಯಕ್ಕೆ ಹೋಗಬಹುದು. ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯ 2006ರಲ್ಲೇ ಇಂಥ ಕಾನೂನು ಮಾಡಿಕೊಂಡಿತು. 2020ರ ಹೊತ್ತಿಗೆ ತನ್ನ ಹಸಿರುಮನೆ ಅನಿಲಗಳನ್ನು 1990ರ ಮಟ್ಟಕ್ಕೆ ಇಳಿಸುವುದಾಗಿ ಬರೆದುಕೊಂಡು, ಗಡುವಿಗೆ ಮುಂಚೆಯೇ ಇಳಿಸಿತು. 2018ರ ಇನ್ನೊಂದು ಕಾನೂನಿನಲ್ಲಿ 2045ರೊಳಗೆ ಮಾರುವ ವಿದ್ಯುತ್ತೆಲ್ಲ ಶುದ್ಧ ಮೂಲದ್ದಾಗಬೇಕೆಂದಿತು. ಇವೆರಡರ ನಡುವೆ 2012ರಲ್ಲಿ ಬಂದ ಒಂದು ಚಿಕ್ಕ ಕಾನೂನು ನಮಗೆ ಹೆಚ್ಚು ಮುಖ್ಯ. ಇಂಗಾಲದ ಪರವಾನಗಿ ಹರಾಜಿನಿಂದ ಬರುವ ನಿಧಿಯಲ್ಲಿ ನೂರಕ್ಕೆ 25 ಪಾಲು, ಮಾಲಿನ್ಯ ಮತ್ತು ಬಡತನದಿಂದ ನೊಂದ ಜನರಿಗೆ ಅನುಕೂಲವಾಗುವಂತೆ ಖರ್ಚಾಗಬೇಕು ಎಂದು ಅದು ಹೇಳಿತು. ಪಾಲನ್ನು ಅಧಿಕಾರಿಯ ಔದಾರ್ಯಕ್ಕೆ ಬಿಡದೆ ಕಾನೂನಿನಲ್ಲೇ ಬರೆದದ್ದು ಜಾಣತನ.

ಅಷ್ಟು ದೂರ ಹೋಗದೆಯೂ ಪಾಠ ಸಿಗುತ್ತದೆ. ಹುಣಸೂರು ತಾಲ್ಲೂಕಿನ ಕಲ್ಲಹಳ್ಳಿಯವರಾದ ಡಿ. ದೇವರಾಜ ಅರಸು ಮುಖ್ಯಮಂತ್ರಿಯಾಗಿದ್ದಾಗ 1974ರ ಮಾರ್ಚ್ 1ರಂದು ಭೂಸುಧಾರಣೆಯ ತಿದ್ದುಪಡಿ ಕಾನೂನು ಜಾರಿಗೆ ಬಂತು. ಅದು ಯಾಕೆ ಹೊಲದವರೆಗೆ ನಡೆದುಬಂತು ಎಂಬುದನ್ನು ನೋಡಬೇಕು. ಗೇಣಿದಾರ ತುಂಬಬೇಕಾದ್ದು ಒಂದು ಅರ್ಜಿ, ನಮೂನೆ 7. ಅದನ್ನು ತೀರ್ಮಾನಿಸಲು ತಾಲ್ಲೂಕಿನಲ್ಲೇ ಭೂ ನ್ಯಾಯಮಂಡಳಿ. ಅದರಲ್ಲಿ ಅಧಿಕಾರಿಯ ಜೊತೆಗೆ ಹೊರಗಿನ ಸದಸ್ಯರು, ಅವರಲ್ಲಿ ಪರಿಶಿಷ್ಟರಿಗೂ ಸ್ಥಾನ. ಆ ಮಂಡಳಿಯ ಮುಂದೆ ವಕೀಲರು ಬರುವಂತಿರಲಿಲ್ಲ. ಧಣಿಗೆ ದೊಡ್ಡ ವಕೀಲ, ಒಕ್ಕಲಿಗೆ ಯಾರೂ ಇಲ್ಲ ಎಂಬಂತಾಗಬಾರದೆಂದು ಆ ಕಟ್ಟುಪಾಡು. ಕಾನೂನಿನಲ್ಲಿ ಕೊರತೆಗಳಿದ್ದವು, ಎಲ್ಲರಿಗೂ ಭೂಮಿ ಸಿಗಲಿಲ್ಲ. ಆದರೂ ‘ನಮೂನೆ ಏಳು ಹಾಕಿದ್ವಿ’ ಎಂದು ಈಗಲೂ ಹೇಳುವ ಮುದುಕರು ಈ ಕಡೆ ಇದ್ದಾರೆ. ಕಾಯ್ದೆಯ ಹೆಸರು ಮರೆತರೂ ಅರ್ಜಿಯ ನಂಬರು ಮರೆಯದಿದ್ದರೆ ಆ ಕಾನೂನು ಜನರನ್ನು ಮುಟ್ಟಿದೆ ಎಂದೇ ಅರ್ಥ.

ಹವಾಮಾನಕ್ಕೊಂದು ರಾಜ್ಯ ಕಾನೂನು ಬರುವುದಾದರೆ ಅದಕ್ಕೂ ಒಂದು ನಮೂನೆ 7 ಬೇಕು. ಬ್ಯಾರನ್ ಛಾವಣಿಯ ಕೆಳಗೆ ಶಾಖ ತಡೆಯುವ ಹೊದಿಕೆ ಹಾಕಿಸಬೇಕು, ಒಲೆಯನ್ನು ಗಾಳಿ ಸರಿಯಾಗಿ ಆಡುವ ಹಾಗೆ ಬದಲಿಸಬೇಕು, ಸೌದೆ ಒಣಗಿಸಲು ಒಂದು ಚಪ್ಪರ ಬೇಕು ಎಂದು ರೈತ ಒಂದೇ ಹಾಳೆಯಲ್ಲಿ ಕೇಳುವಂತಿರಬೇಕು. ಇವು ಹೊಸ ಸಂಶೋಧನೆಗಳಲ್ಲ. ಹುಣಸೂರಿನಲ್ಲಿ ತಂಬಾಕು ಸಂಶೋಧನಾ ಕೇಂದ್ರ ದಶಕಗಳಿಂದ ಇದೆ. ಸುಧಾರಿತ ಒಲೆಗಳನ್ನು ಮಂಡಳಿಯೂ ಪ್ರಚಾರ ಮಾಡಿದೆ, ಸಹಾಯಧನವನ್ನೂ ಕೊಟ್ಟಿದೆ. ಕೊಡಗಿನ ಕಡೆಯಿಂದ ಬರುವ ಕಾಫಿ ಹೊಟ್ಟು, ಭತ್ತದ ಹೊಟ್ಟು, ತೆಂಗಿನ ಗರಿ ಮಟ್ಟೆ ಇವನ್ನೂ ಒಲೆಗೆ ಹಾಕಬಹುದು. ಕೊರತೆ ಇರುವುದು ತಿಳಿವಳಿಕೆಯಲ್ಲಲ್ಲ. ಯೋಜನೆ ಇದ್ದ ವರ್ಷ ಸಿಗುತ್ತದೆ, ಇಲ್ಲದ ವರ್ಷ ಇಲ್ಲ ಎಂಬ ಅನಿಶ್ಚಯದಲ್ಲಿ.

ಇಷ್ಟಕ್ಕೂ ಬ್ಯಾರನ್ ಎಂಬುದು ಹುಡುಗಾಟದ ಕೆಲಸವಲ್ಲ. ಮೊದಲು 35 ಡಿಗ್ರಿ ಸೆಲ್ಸಿಯಸ್‌ನ ಸುತ್ತಮುತ್ತ ಹಿಡಿದು ಎಲೆ ಹಳದಿಗೆ ತಿರುಗುವವರೆಗೆ ಕಾಯಬೇಕು. ಆಮೇಲೆ ನಿಧಾನವಾಗಿ ಏರಿಸುತ್ತ ಎಲೆಯನ್ನು ಒಣಗಿಸಬೇಕು. ಕೊನೆಗೆ 70ರ ಹತ್ತಿರ ತಂದು ನಡುವಿನ ದಂಟನ್ನು ಒಣಗಿಸಬೇಕು. ಅವಸರಕ್ಕೆ ಬೆಂಕಿ ಏರಿಸಿದರೆ ಎಲೆ ಹಸಿರಾಗೇ ಉಳಿದು ದರ ಬಿತ್ತು. ಕಣ್ಣು ಹತ್ತಿ ಬೆಂಕಿ ಇಳಿದರೆ ಎಲೆ ಕಪ್ಪಿಟ್ಟಿತು. ಒಂದು ಎಲೆ ಕಳಚಿ ಕಾದ ತಗಡಿನ ಕೊಳವೆಯ ಮೇಲೆ ಬಿದ್ದರೆ ಇಡೀ ಬ್ಯಾರನ್ನೇ ಹೊತ್ತಿಕೊಳ್ಳಬಹುದು. ಆದ್ದರಿಂದ ಮನೆಯಲ್ಲಿ ಒಬ್ಬರಾದರೂ ರಾತ್ರಿಯೆಲ್ಲ ಎಚ್ಚರವಿರುತ್ತಾರೆ. ಟಾರ್ಚು ಹಿಡಿದು ಕಿಂಡಿಯಲ್ಲಿ ಥರ್ಮಾಮೀಟರ್ ನೋಡುವುದು, ಒಂದು ಕೊರಡು ತಳ್ಳುವುದು, ಮತ್ತೆ ಕಂಬಳಿ ಹೊದೆದು ಕೂರುವುದು. ಒಲೆಯ ಶಾಖಕ್ಕೆ ಮುಖ ಸುಡುತ್ತಿರುತ್ತದೆ, ಬೆನ್ನು ಮಳೆಗಾಳಿಗೆ ನಡುಗುತ್ತಿರುತ್ತದೆ. ಇಂಥವರಿಗೆ ‘ಇಂಧನ ದಕ್ಷತೆ’ಯ ಉಪನ್ಯಾಸ ಬೇಕಿಲ್ಲ. ಒಂದು ಕೊರಡು ಕಡಿಮೆ ಬೇಕಾದರೆ ಒಂದು ಗಳಿಗೆ ನಿದ್ದೆ ಹೆಚ್ಚು ಎಂಬುದು ಅವರಿಗೆ ಯಾರಿಗಿಂತಲೂ ಚೆನ್ನಾಗಿ ಗೊತ್ತು.

ಲಾಭ ಕಣ್ಣಿಗೆ ಕಂಡರೆ ಜನ ಕಾನೂನನ್ನು ಒಪ್ಪುತ್ತಾರೆ ಎಂಬುದಕ್ಕೆ ಸೋಲಾರ್ ವಾಟರ್ ಹೀಟರ್ ಸಾಕ್ಷಿ. 2007ರಲ್ಲಿ ಸರ್ಕಾರ ಇಂತಿಷ್ಟು ಅಳತೆಯ ಹೊಸ ಮನೆಗಳಿಗೆ ಅದು ಕಡ್ಡಾಯ ಎಂದಾಗ ಗೊಣಗಾಟವಿತ್ತು. ಈಗ ಪಟ್ಟಣಗಳಲ್ಲಿ ತಾರಸಿಯ ಮೇಲೆ ಅದಿಲ್ಲದ ಹೊಸ ಮನೆ ಕಾಣುವುದೇ ಅಪರೂಪ. ಬೆಳಿಗ್ಗೆ ಬಿಸಿನೀರು ಬಂತು, ಬಿಲ್ಲು ಇಳಿಯಿತು, ವಾದ ಮುಗಿಯಿತು.

ಒಂದೇ ಅಚ್ಚಿನ ಕಾನೂನು ನಾಲ್ಕು ತಾಲ್ಲೂಕಿಗೂ ಒಗ್ಗುವುದಿಲ್ಲ ಎಂಬುದನ್ನೂ ಮರೆಯಬಾರದು. ಕೃಷ್ಣರಾಜನಗರದ ಕಾವೇರಿ ನಾಲೆಗಳ ಕೆಳಗೆ ಸೌದೆಯ ಸಮಸ್ಯೆಗಿಂತ ಭತ್ತದ ಗದ್ದೆಯ ಸಮಸ್ಯೆ ದೊಡ್ಡದು. ಸದಾ ನೀರು ನಿಂತ ಗದ್ದೆಯ ಕೆಸರಿನಲ್ಲಿ ಗಾಳಿ ಆಡದೆ ಮೀಥೇನ್ ಹುಟ್ಟುತ್ತದೆ. ನೂರು ವರ್ಷದ ಲೆಕ್ಕದಲ್ಲಿ ಇದು ಇಂಗಾಲದ ಡೈಆಕ್ಸೈಡಿಗಿಂತ ಸುಮಾರು 28 ಪಟ್ಟು ಹೆಚ್ಚು ಬಿಸಿ ಹಿಡಿಯುತ್ತದೆ. ಗದ್ದೆಗೆ ನೀರು ಕಟ್ಟಿ, ಆರಲು ಬಿಟ್ಟು, ಮತ್ತೆ ಕಟ್ಟಿದರೆ ಮೀಥೇನ್ ತಗ್ಗುತ್ತದೆ, ನೀರೂ ಉಳಿಯುತ್ತದೆ. ಆದರೆ ನಾಲೆಯ ನೀರು ರೈತ ಕೇಳಿದಾಗ ಬರುವಂಥದಲ್ಲ. ಬಂದಾಗ ತುಂಬಿಸಿಕೊಳ್ಳದಿದ್ದರೆ ನಾಳೆ ಬರುತ್ತದೆಂಬ ಭರವಸೆಯಿಲ್ಲ. ಹಾಗಾಗಿ ಅಲ್ಲಿ ಕಾನೂನು ಕಟ್ಟಿಹಾಕಬೇಕಾದ್ದು ಗದ್ದೆಯವನನ್ನಲ್ಲ, ತೂಬಿನ ವೇಳಾಪಟ್ಟಿಯನ್ನು.

ಹೆಗ್ಗಡದೇವನಕೋಟೆಯ ಕಥೆಯೇ ಬೇರೆ. 1974ರಲ್ಲಿ ಮುಗಿದ ಕಬಿನಿ ಜಲಾಶಯ ಕೆಳಗಿನವರಿಗೆ ನೀರು ಕೊಟ್ಟಿತು. ಅಣೆಕಟ್ಟಿನ ಬುಡದಲ್ಲಿ ವಿದ್ಯುತ್ತೂ ಹುಟ್ಟುತ್ತದೆ, ಹೊಗೆಯಿಲ್ಲದ ಶುದ್ಧ ವಿದ್ಯುತ್ತು. ಆದರೆ ಆ ನೀರಿನಡಿ ಹಳ್ಳಿಗಳಿವೆ, ಕಾಡಿನ ಒಳ್ಳೆಯ ತಗ್ಗುಭೂಮಿಯಿದೆ. ಜೇನುಕುರುಬರಂಥ ಕಾಡಿನ ಜನ ಒಮ್ಮೆ ಅಣೆಕಟ್ಟಿಗೆ, ಇನ್ನೊಮ್ಮೆ ರಾಷ್ಟ್ರೀಯ ಉದ್ಯಾನಕ್ಕೆ ಜಾಗ ಬಿಟ್ಟರು. ಅವರ ಹಕ್ಕನ್ನು ಮಾತಾಡುವ ಅರಣ್ಯ ಹಕ್ಕು ಕಾಯ್ದೆ ಬರಲು 2006ರವರೆಗೆ ಕಾಯಬೇಕಾಯಿತು. ಶುದ್ಧ ಇಂಧನ ಎಂದ ಮಾತ್ರಕ್ಕೆ ಅದರ ಬೆಲೆಯನ್ನು ಯಾರೂ ತೆರಲಿಲ್ಲ ಎಂದಲ್ಲ. ಪಾವಗಡದಲ್ಲಿ ಈ ಪಾಠವನ್ನು ಸ್ವಲ್ಪ ಕಲಿತಂತೆ ಕಾಣುತ್ತದೆ. ಅಲ್ಲಿ ಭೂಮಿಯನ್ನು ಕಿತ್ತುಕೊಳ್ಳದೆ ಎಕರೆಗೆ ವರ್ಷಕ್ಕೆ 21,000 ರೂಪಾಯಿಯಿಂದ ಆರಂಭಿಸಿ ಗುತ್ತಿಗೆಗೆ ಪಡೆದರು. ಜಮೀನಿದ್ದವನಿಗೆ ಬಾಡಿಗೆ ಬಂತು. ಆ ಜಮೀನಿನಲ್ಲಿ ಕೂಲಿ ಮಾಡುತ್ತಿದ್ದವನಿಗೆ ಗುತ್ತಿಗೆ ಪತ್ರದಲ್ಲಿ ಜಾಗವಿರಲಿಲ್ಲ. ನಾಳೆ ಈ ಸೀಮೆಯಲ್ಲಿ ಬ್ಯಾರನ್‌ಗಳು ಕಡಿಮೆಯಾದರೆ ಕಡ್ಡಿಗೆ ಸೊಪ್ಪು ಕಟ್ಟುವ ಹೆಂಗಸರ ಗತಿಯೂ ಹಾಗೇ ಆಗಬಾರದು.

ಬ್ಯಾರನ್‌ಗಳು ಕಡಿಮೆಯಾಗುವ ದಿನ ಬರಲೂಬಹುದು. ತಂಬಾಕು ನಿಯಂತ್ರಣದ ಅಂತರರಾಷ್ಟ್ರೀಯ ಒಪ್ಪಂದವನ್ನು ಭಾರತ 2004ರಲ್ಲೇ ಅನುಮೋದಿಸಿದೆ. ಬೆಳೆಗಾರರಿಗೆ ಬೇರೆ ದಾರಿ ತೋರಿಸಬೇಕೆಂಬ ಮಾತು ಅದರಲ್ಲೇ ಇದೆ. ಸೇದುವವನ ಎದೆಗೆ ಕೇಡು ಎಂಬುದರಲ್ಲಿ ಯಾರಿಗೂ ಸಂಶಯವಿಲ್ಲ, ಬೆಳೆಯುವವನಿಗೂ ಇಲ್ಲ. ಆದರೆ ಅವನು ಬೇರೆ ಬೆಳೆಗೆ ಹೋಗಲು ಹೆದರುವುದಕ್ಕೆ ಕಾರಣವಿದೆ. ಹೊಗೆಸೊಪ್ಪು ಮುಂಗಾರಿನ ಅಲ್ಪ ಮಳೆಯಲ್ಲಿ ಬರುತ್ತದೆ, ಅದಕ್ಕೊಂದು ಹರಾಜು ಕಟ್ಟೆಯಿದೆ, ದುಡ್ಡು ಬ್ಯಾಂಕಿಗೆ ಬರುತ್ತದೆ. ಮುಸುಕಿನ ಜೋಳಕ್ಕೆ, ಶುಂಠಿಗೆ ಇಂಥ ಆಸರೆಯಿಲ್ಲ. 2018ರ ಆಗಸ್ಟಿನಲ್ಲಿ ಪಕ್ಕದ ಕೊಡಗಿನ ಗುಡ್ಡಗಳೇ ಜಾರಿದವು. 2023ರಲ್ಲಿ ರಾಜ್ಯದ 223 ತಾಲ್ಲೂಕುಗಳು ಬರಪೀಡಿತ ಎಂದು ಘೋಷಣೆಯಾದವು. ಮಳೆಯೇ ಹೀಗೆ ಒಮ್ಮೆ ಮುಳುಗಿಸಿ ಒಮ್ಮೆ ಒಣಗಿಸುವಾಗ, ಗೊತ್ತಿರುವ ಕೆಟ್ಟದ್ದನ್ನು ಬಿಟ್ಟು ಗೊತ್ತಿಲ್ಲದ ಒಳ್ಳೆಯದಕ್ಕೆ ಹೋಗು ಎಂದರೆ ಸಾಲಗಾರ ಹೇಗೆ ಹೋದಾನು?

ಆದ್ದರಿಂದ ಮುಂದೆ ಬರುವ ಕಾನೂನಿಗೆ ಮೂರು ಪರೀಕ್ಷೆ ಇಡಬಹುದು. ತಂತಿಯ ಕರೆಂಟನ್ನಷ್ಟೇ ಅಲ್ಲದೆ ಒಲೆಯ ಶಾಖವನ್ನೂ ಅದು ಲೆಕ್ಕಕ್ಕೆ ಹಿಡಿಯುತ್ತದೆಯೇ? ಖರ್ಚಿನ ಪಾಲನ್ನು, ಸಹಾಯದ ಪಾಲನ್ನು ಅಕ್ಷರದಲ್ಲಿ ಬರೆಯುತ್ತದೆಯೇ? ಅರ್ಜಿ ಕೊಡಲು ತಾಲ್ಲೂಕಿನಾಚೆ ಹೋಗಬೇಕಾಗದಂತೆ ನೋಡಿಕೊಳ್ಳುತ್ತದೆಯೇ? ಮೂರಕ್ಕೂ ಹೌದು ಎಂದರೆ ಅದು ಎಷ್ಟು ಚಿಕ್ಕ ಕಾನೂನಾದರೂ ನಡೆದೀತು. ಕಿಲೋ ಸೊಪ್ಪಿಗೆ ನಾಲ್ಕೂವರೆ ಇರುವ ಸೌದೆಯನ್ನು ಮೂರಕ್ಕೆ ಇಳಿಸಿದರೂ ವರ್ಷಕ್ಕೆ ಹದಿನೈದು ಸಾವಿರ ಲಾರಿ ಮರ ನಿಂತಲ್ಲೇ ನಿಲ್ಲುತ್ತದೆ. ಅಷ್ಟು ಉಳಿಸಲು ಯಾವ ಬೆಳೆಯನ್ನೂ ನಿಷೇಧಿಸಬೇಕಾಗಿಲ್ಲ, ಯಾವ ಹಳ್ಳಿಯನ್ನೂ ಮುಳುಗಿಸಬೇಕಾಗಿಲ್ಲ. ಒಂದು ಛಾವಣಿ, ಒಂದು ಒಲೆ, ಒಂದು ಚಪ್ಪರ, ಒಂದು ಹಾಳೆಯ ಅರ್ಜಿ ಸಾಕು.